ಬೆಲೆಯಿಲ್ಲದ ಊರು

೧೯೫೮ ಜನವರಿ ೧೯, ಭಾನುವಾರ

ಸಂಕ್ರಾಂತಿ ಮುಗಿಸಿಕೊಂಡು ಕೊಳ್ಳೇಗಾಲದ ಮನೆ ಬಿಟ್ಟು ಬಂದೆವು. ಅಜ್ಜೀಪುರ ದಾಟಿ ಕಾಡಿನ ಕಡೆಗೆ ತಿರುಗಿದರೆ ಮಾವನವರು ಹಿಂದೆ ಯಾವಾಗಲೋ ಕೊಂಡಿದ್ದ ಹೊಲಗಳಿವೆ. ಪಾಲಾದಾಗ ಅವು ಇವರ ಭಾಗಕ್ಕೆ ಬಂದವು. ಅವನ್ನು ಗೇಯುತ್ತಿದ್ದ ಒಕ್ಕಲುಗಳನ್ನೆಲ್ಲ ಇವರು ಕೂರಿಸಿ, "ಇನ್ನು ಈ ಹೊಲ ನಿಮ್ಮ ಮುಂದೆ ಕೂತಿರೋ ಈ ಷಡಕ್ಷರಿಯದಲ್ಲ, ನಿಮ್ಮಲ್ಲಿ ಯಾರೊಬ್ಬರದೂ ಅಲ್ಲ, ಎಲ್ಲರದು" ಎಂದುಬಿಟ್ಟರು. ಬೆಳೆದದ್ದೆಲ್ಲ ಒಂದೇ ಉಗ್ರಾಣಕ್ಕೆ. ಯಾರಿಗೆ ಎಷ್ಟು ಬೇಕೋ ಅಷ್ಟು ಅಲ್ಲಿಂದ. ನಮ್ಮೊಳಗೆ ಮಾರುವುದಿಲ್ಲ, ಕೊಳ್ಳುವುದಿಲ್ಲ, ಕೂಲಿಯಿಲ್ಲ, ಲೆಕ್ಕ ಬರೆಯುವುದೂ ಇಲ್ಲ. ಉಪ್ಪು, ಸೀಮೆಎಣ್ಣೆ, ಬಟ್ಟೆ, ಕಬ್ಬಿಣಕ್ಕೆ ಮಾತ್ರ ಇವರು ಎಲ್ಲರ ಪರವಾಗಿ ಕೊಳ್ಳೇಗಾಲದಲ್ಲಿ ರೇಷ್ಮೆ ಗೂಡು ಮಾರಿ ತರುತ್ತಾರೆ.

ಹೊರಡುವಾಗ ಮಾವನವರು ಜಗಲಿಯ ಮೇಲೆ ಕೂತಿದ್ದರು. ಗೂಡಿನ ವ್ಯಾಪಾರದಲ್ಲೇ ತಲೆ ನರೆತವರು. "ಸರ್ಕಾರದೋರು ಅಣೆ ಬುಟ್ಟು ಹೊಸ ಪೈಸ ತಂದವ್ರ, ಜನ ಅದ್ನೇ ಇನ್ನೂ ಕಲ್ತಿಲ್ಲ. ನೀನು ಪೈಸನೇ ಬ್ಯಾಡ ಅಂತೀಯಲ್ಲಪ್ಪ" ಎಂದರು.

"ಒಂದು ಕಾಲಕ್ಕೆ ಲೋಕವೆಲ್ಲ ಹೀಗೇ ಬದುಕುತ್ತೆ ಅಪ್ಪಾಜಿ. ಎಲ್ಲಾದರೂ ಮೊದಲು ಶುರುವಾಗಬೇಕಲ್ಲ."

"ಬೆಲೆ ಇಲ್ದೇನೆ ಯಾರ್ಗ ಏನ್ ಬೇಕು, ಏಟು ಬೇಕು ಅಂತ ಎಂಗ ತಿಳ್ಕತೀಯ?"

"ಕೇಳಿ ತಿಳ್ಕೊಳ್ತೀನಿ" ಎಂದರು ಇವರು.

ಮೈಸೂರಿನಲ್ಲಿ ಅರ್ಥಶಾಸ್ತ್ರ ಓದಿದವರು ಇವರು. ನನಗೆ ಆ ವಾದ ತಿಳಿಯದು. ಉಗ್ರಾಣ ನೋಡಿಕೊಳ್ಳುವ ಕೆಲಸ ಮಾತ್ರ ನನಗೆ ಬಂದಿದೆ. ನನಗೆ ಬೇಡ, ನಾಲಕ್ಕು ಜನರ ಮುಂದೆ ಮಾತಾಡಲೇ ಸಂಕೋಚ ಎಂದೆ. "ಮಾತಾಡೋದೇನಿದೆ ರತ್ನ? ಬಂದವರಿಗೆ ಕೊಡೋದು ತಾನೇ?" ಎಂದು ನಕ್ಕರು.

ಫೆಬ್ರವರಿ ೬

ಹೆಂಗಸರು ಬುಟ್ಟಿ ಹಿಡಿದು ಬಂದು ಉಗ್ರಾಣದ ಹೊರಗೇ ನಿಂತುಬಿಡುತ್ತಾರೆ. ನಾನು ಕರೆಯಬೇಕು. ನನ್ನನ್ನು 'ಅಮ್ಮಾರು' ಅನ್ನಬಾರದು, 'ಅಕ್ಕ' ಅನ್ನಿ ಎಂದು ಇವರು ಎಲ್ಲರಿಗೂ ಹೇಳಿದ್ದಾರೆ. ಅಕ್ಕ ಅನ್ನುವಾಗ ಅವರಿಗೇ ನಾಚಿಕೆ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಾರೆ.

ಪುಟ್ಟಮಲ್ಲಮ್ಮ ಎಂಬ ವಿಧವೆ ಇದ್ದಾಳೆ. ಮದುವೆಗೆ ಬಂದ ಮಗಳೊಬ್ಬಳು. ರೇಷ್ಮೆ ಹುಳು ಸಾಕುವ ಮನೆಯ ಕೆಲಸವೆಲ್ಲ ಅವಳದೇ. ಇವತ್ತು ತಗೊಂಡು ಹೋದ ರಾಗಿ ಒಬ್ಬರಿಗೂ ಸಾಲದು. ಹಿಂದೆ ಓಡಿಹೋಗಿ ಅವಳ ಬುಟ್ಟಿ ತುಂಬಿಸಿ ಬಂದೆ. "ಅಯ್ಯೋ ಸಾಕು ಕನ ಅಕ್ಕ, ಸಾಕು ಕನ ಅಕ್ಕ" ಅನ್ನುತ್ತಲೇ ಇದ್ದಳು.

ಕೊಡುವುದರಲ್ಲಿ ಇಷ್ಟು ಸುಖವಿದೆಯೆಂದು ನನಗೆ ತಿಳಿದಿರಲಿಲ್ಲ.

ಮಾರ್ಚ್ ೧೬

ಗೂಡು ಚೆನ್ನಾಗಿ ಬಂತು. ಇವರು ಕೊಳ್ಳೇಗಾಲಕ್ಕೆ ಒಯ್ದು ಕೊಟ್ಟು ಎಲ್ಲರಿಗೂ ಬಟ್ಟೆ, ಎತ್ತಿನ ಬಂಡಿಗೆ ಹೊಸ ಹಳಿ ಪಟ್ಟಿ, ನನಗೆ ಕಾಫಿ ಬೀಜ ತಂದರು. ಕಾಫಿ ಇಲ್ಲದಿದ್ದರೆ ನನಗೆ ತಲೆ ಸಿಡಿಯುತ್ತದೆ.

ಸಂಜೆ ಹೊಂಗೆ ಮರದ ಕೆಳಗೆ ಎಲ್ಲರೂ ಕೂತಿದ್ದೆವು. ಮಾದಸ್ವಾಮಿಗೆ ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ. ಅವನು, ಅವನ ಹೆಂಡತಿ ಮಾದೇವಮ್ಮ ಸೋಬಾನೆ ಹೇಳಿದರು. ಊರಿನ ಹಿರಿಯ ಶಿವನಂಜಯ್ಯ, "ಈ ವರ್ಸ ಯಾರೂ ಯಾರ ಮನೆ ಬಾಗ್ಲೂ ಕಾಯ್ನಿಲ್ಲ ಕನ್ರಪ್ಪ" ಎಂದ. ಇವರ ಕಣ್ಣು ತುಂಬಿತು.

ಮೇ ೨೦

ಮಳೆ ಬಿದ್ದಿದೆ. ಕಪಿಲೆ ಬಾವಿಯ ಕೆಳಗಿನ ಹೊಲಕ್ಕೆ ಏನು ಹಾಕುವುದೆಂದು ಜಗಳ. ಶಿವನಂಜಯ್ಯ ರಾಗಿ ಎನ್ನುತ್ತಾನೆ, ಮಾದಸ್ವಾಮಿ ಹಿಪ್ಪುನೇರಳೆ ಎನ್ನುತ್ತಾನೆ, ಕೆಲವರು ಕಡಲೇಕಾಯಿ. ಯಾವುದು ಹೆಚ್ಚು ಬೇಕು ಎಂದು ಇವರು ಒಬ್ಬೊಬ್ಬರನ್ನೂ ಕೇಳಿದರು. ಎಲ್ಲರೂ ಎಲ್ಲವೂ ಬೇಕೆಂದರು. ಕೊನೆಗೆ ಇವರು ಒಳಗೆ ಹೋಗಿ, ಕೊಳ್ಳೇಗಾಲದಿಂದ ತಂದ ಪತ್ರಿಕೆಯಲ್ಲಿ ಪೇಟೆ ಧಾರಣೆ ನೋಡಿ, ಹೊರಗೆ ಬಂದು ಹಿಪ್ಪುನೇರಳೆ ಎಂದರು.

ನಾನು ನೋಡಿದ್ದು ಇವರಿಗೆ ಗೊತ್ತಾಯಿತು. "ಹೊರಗಡೆ ಇನ್ನೂ ಬೆಲೆ ಇದೆ. ಅದಕ್ಕೆ ನೋಡಬೇಕಾಯ್ತು. ಎಲ್ಲ ಕಡೆಯೂ ನಮ್ಮ ಹಾಗೇ ಆದಮೇಲೆ ಬೇಕಾಗಲ್ಲ" ಎಂದರು. ಎಲ್ಲ ಕಡೆಯೂ ಹಾಗೇ ಆದಮೇಲೆ ಧಾರಣೆಯನ್ನು ಎಲ್ಲಿ ನೋಡುತ್ತಾರೋ, ನಾನು ಕೇಳಲಿಲ್ಲ.

ಜುಲೈ ೩

ಸೀಮೆಎಣ್ಣೆ ಕಡಿಮೆ ಬಂದಿದೆ. ಬಂದವರೆಲ್ಲ ಬುಡ್ಡಿ ಮುಂದೆ ಹಿಡಿದರು. ಯಾವುದಕ್ಕೆ ಎಂದು ಕೇಳಿ ಕೊಡಬೇಕಾಯಿತು. ಕೇಳದಿದ್ದರೆ ಮೊದಲು ಬಂದವರು ಎಲ್ಲ ಹೊತ್ತೊಯ್ಯುತ್ತಾರೆ. ಒಬ್ಬಳು ಬೆಲ್ಲ ಕೇಳಿದಳು. ಮೊನ್ನೆ ತಾನೇ ಒಯ್ದಿದ್ದೆಯಲ್ಲ ಎಂದೆ. ಬರೆದಿಡದಿದ್ದರೂ ನನ್ನ ನೆನಪು ಚೆನ್ನಾಗಿದೆ. ಯಾರು ಏನು ಒಯ್ದರೆಂದು ಎಲ್ಲ ತಲೆಯಲ್ಲಿರುತ್ತದೆ.

ಕಳೆ ಕೀಳಲು ಅರ್ಧ ಜನ ಬರುವುದಿಲ್ಲ. ಗೇದರೂ ಅಷ್ಟೇ, ಗೇಯದಿದ್ದರೂ ಅಷ್ಟೇ ಎಂದು ಒಬ್ಬ ಹೇಳಿದನಂತೆ. ಆ ಮನೆಯವರು ಇವತ್ತು ರಾಗಿಗೆ ಬಂದಾಗ ನಾನು ಸ್ವಲ್ಪ ಕಡಿಮೆ ಅಳೆದು ಕೊಟ್ಟೆ. ಇವರಿಗೆ ಹೇಳಿಲ್ಲ. ಯಾರಾದರೂ ಇಷ್ಟು ಮಾಡಲೇಬೇಕಲ್ಲ.

ಆಗಸ್ಟ್ ೧೪

ಪುಟ್ಟಮಲ್ಲಮ್ಮ ಬಂದಿದ್ದಳು. ಬುಟ್ಟಿ ತಂದಿರಲಿಲ್ಲ. ಕಂಬ ಹಿಡಿದುಕೊಂಡು ನಿಂತಳು.

"ರಾಮಾಪುರದಿಂದ ಎಣ್ಣು ಕೇಳವ್ರ ಅಕ್ಕ. ಧಾರೆಗ ನನ್ನ ಮಗಳಿಗೊಂದು ರೇಸ್ಮೆ ಸೀರ ಬೇಕಾಗಿತ್ತು."

ನೂಲಿನ ಸೀರೆ ಸಾಲದೇ ಎಂದೆ.

"ಸಾಲ್ತದ. ಆದ್ರೂ ಚಿಕ್ಕುಡ್ಗಿಯಿಂದ ಉಳ ಸಾಕಿವ್ನಿ, ಒಂದೆಳೆನೂ ಮೈಮ್ಯಾಲ ಆಕಂಡೋಳಲ್ಲ. ಮಗಳಿಗಾರು ಅನ್ನ ಆಸ."

"ಆಸೆಗೆ ಕೊನೆಯೆಲ್ಲಿ ಪುಟ್ಟಮಲ್ಲಮ್ಮ? ನಿನಗೆ ಕೊಟ್ಟರೆ ನಾಳೆ ಎಲ್ಲರೂ ಕೇಳುತ್ತಾರೆ. ಅಗತ್ಯವಾದದ್ದನ್ನು ಕೇಳು."

"ಸರಿ, ಇನ್ನೊಂದು ಮನೆಯಷ್ಟು ಉಳ ಎಚ್ಚಿಗ ಸಾಕ್ತೀನಿ. ಅದರ ಬದ್ಲಿಗ ಕೊಡಿ."

ಇಲ್ಲಿ ದುಡಿಮೆಗೂ ಪಡೆಯುವುದಕ್ಕೂ ಸಂಬಂಧವಿಲ್ಲ, ಅದೇ ಈ ಊರಿನ ಧರ್ಮ ಎಂದು ವಿವರಿಸಿ ಹೇಳಿದೆ. ಇವರು ಹೇಳುವ ಮಾತುಗಳೇ ನನ್ನ ಬಾಯಿಯಿಂದ ಎಷ್ಟು ಸರಾಗವಾಗಿ ಬಂದವು. ಅವಳು ತಲೆಯಾಡಿಸಿ ಹೋದಳು.

ರಾತ್ರಿ ಊಟಕ್ಕೆ ಕೂತಾಗ ಹೇಳಿದೆ. ಇವರು ತುತ್ತು ಹಿಡಿದುಕೊಂಡೇ ಯೋಚಿಸಿದರು. "ಯಾವುದು ಅಗತ್ಯ, ಯಾವುದು ಆಸೆ ಅಂತ ನಮಗೆ ಹೇಗೆ ಗೊತ್ತಾಗಬೇಕು ರತ್ನ?" ಎಂದರು. ನನಗೆ ಗೊತ್ತಾಗುತ್ತದೆ ಎಂದೆ. ದಿನಾ ನೋಡುವವಳು ನಾನು.

ಕಾಫಿ ಬೀಜ ಮುಗಿಯುತ್ತ ಬಂದಿದೆ. ಮುಂದಿನ ಸಲ ಹೋದಾಗ ತರಲು ಹೇಳಿದ್ದೇನೆ.

ಸೆಪ್ಟೆಂಬರ್ ೧೧

ಹೆಂಗಸರು ಹಿತ್ತಲಲ್ಲಿ ಮೊಟ್ಟೆ ಕೊಟ್ಟು ಹರಳೆಣ್ಣೆ, ಹರಳೆಣ್ಣೆ ಕೊಟ್ಟು ಹುಣಸೆಹಣ್ಣು ಬದಲಾಯಿಸಿಕೊಳ್ಳುತ್ತಿದ್ದಾರೆ. ನನ್ನನ್ನು ಕಂಡ ಕೂಡಲೇ ಸೆರಗಿನಡಿ ಮುಚ್ಚಿಕೊಂಡರು. ಇವರಿಗೆ ಹೇಳಿದರೆ "ಹೋಗಲಿ ಬಿಡು" ಅನ್ನುತ್ತಾರೆ. ಇವತ್ತು ಮೊಟ್ಟೆ, ನಾಳೆ ರಾಗಿ. ಹೋಗಲಿ ಬಿಡು ಅಂದರೆ ಈ ಊರು ಉಳಿಯುತ್ತದೆಯೇ?

ಈಚೆಗೆ ಎಲ್ಲರೂ ನನ್ನನ್ನು ಅಮ್ಮಾರು ಎನ್ನುತ್ತಿದ್ದಾರೆ. ನಾನೇನೂ ಹೇಳಿಕೊಟ್ಟದ್ದಲ್ಲ. ಉಗ್ರಾಣದ ಮುಂದೆ ಮೊದಲಿನ ಗಲಾಟೆಯೂ ಇಲ್ಲ. ಶಿಸ್ತು ಬಂದಿದೆ.

ಅಕ್ಟೋಬರ್ ೫

ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಮಾವನವರು ನೆನ್ನೆ ಬಂದಿದ್ದರು. ಪುಟ್ಟಮಲ್ಲಮ್ಮನ ತಮ್ಮ ಕೊಳ್ಳೇಗಾಲದಲ್ಲಿ ಗೂಡು ಮಾರಿದ್ದನ್ನು ಕಂಡೆ, ಒಳ್ಳೇ ಗೂಡು, ನಿಮ್ಮ ಊರಿನ ಗೂಡೇ ಎಂದು ಮಾತಿಗೆ ಹೇಳಿ ಹೋದರು. ಇವತ್ತು ಬೆಳಿಗ್ಗೆ ಇವರು ಹನೂರಿಗೆ ಹೋಗಿದ್ದರು. ನಾನು ಶಿವನಂಜಯ್ಯನನ್ನು ಕರೆದುಕೊಂಡು ಅವಳ ಮನೆಗೆ ಹೋದೆ. "ಬ್ಯಾಡಿ ಅಮ್ಮಾರೇ, ಎಂಗ್ಸು ಮನೆ" ಎಂದು ಅವನು ಬಾಗಿಲಲ್ಲೇ ನಿಂತ. ನಾನೇ ಒಳಗೆ ಹೋಗಿ ಗಡಿಗೆಗಳನ್ನು ಇಳಿಸಿದೆ. ಕೆಳಗಿನ ಗಡಿಗೆಯಲ್ಲಿ ಹಳೇ ಪಂಚೆಯಲ್ಲಿ ಸುತ್ತಿದ ಸೀರೆ ಸಿಕ್ಕಿತು. ಹೂವಿನ ಕೆಂಪು, ಸಣ್ಣ ಜರಿ ಅಂಚು.

ಎಲ್ಲರನ್ನೂ ಮರದ ಕೆಳಗೆ ಕರೆಸಿದೆ. ಪುಟ್ಟಮಲ್ಲಮ್ಮ ಅಳಲಿಲ್ಲ. ಅತ್ತಿದ್ದರೆ ನಾನು ಅಷ್ಟಕ್ಕೇ ಬಿಡುತ್ತಿದ್ದೆ.

"ಗೂಡು ಒಂದೀಟು ಮಡಿಕಂಡು ನನ್ನ ತಮ್ಮನ ಕೈಲಿ ಮಾರಿಸ್ದಿ. ತೆಪ್ಪು ಅಂದ್ರ ತೆಪ್ಪೇ" ಎಂದಳು.

"ಕೇಳಬಹುದಾಗಿತ್ತಲ್ಲ?"

"ಕೇಳಿದ್ನಲ್ಲ ಅಮ್ಮಾರೇ." ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. "ಅಂಗಡಿಯೋನು ಯಾಕ ಅಂತ ಕೇಳ್ನಿಲ್ಲ. ನಾನು ರಂಡೆಮುಂಡೆನೋ, ಬಡವಳೋ, ನನ್ನ ಮಗಳಿಗ ಒಪ್ತದೋ ಇಲ್ವೋ, ಒಂದೂ ಕೇಳ್ನಿಲ್ಲ. ದುಡ್ಡ ಈಸ್ಕಂಡ, ಕೊಟ್ಟ. ನಿಮ್ಮ ಮುಂದಕ್ಕ ಬಂದ್ರ ನನ್ನ ಒಟ್ಟೆ ಒಳಗ ಏನದ ಅಂತ ಬಿಚ್ಚಿ ತೋರಿಸ್ಬೇಕು."

ನನ್ನ ಪರವಾಗಿ ಯಾರೂ ಮಾತಾಡಲಿಲ್ಲ.

ಸೀರೆಯನ್ನು ಉಗ್ರಾಣದಲ್ಲಿ ಇಟ್ಟಿದ್ದೇನೆ. ಎಲ್ಲರ ಗೂಡಿನಿಂದ ಬಂದದ್ದು ಎಲ್ಲರದೇ.

ಅಕ್ಟೋಬರ್ ೭

ಪುಟ್ಟಮಲ್ಲಮ್ಮ ಮಗಳನ್ನು ಕರೆದುಕೊಂಡು ರಾಮಾಪುರಕ್ಕೆ ಹೋದಳು. ಇವರು ನನಗೆ ಹೇಳದೆ ಉಗ್ರಾಣದಿಂದ ಸೀರೆ ತೆಗೆದುಕೊಂಡು ಅವಳ ಹಿಂದೆಯೇ ಬಸ್ಸಿನಲ್ಲಿ ಹೋಗಿ ಕೊಟ್ಟು ಬಂದಿದ್ದಾರೆ. ವಾಪಸ್ಸು ಬಾ ಎಂದು ಕರೆದರಂತೆ. ಬರುವುದಿಲ್ಲವೆಂದಳಂತೆ.

ಮಾತು ಬಿಟ್ಟಿದ್ದೇವೆ.

ನವೆಂಬರ್ ೨೩

ಸುಗ್ಗಿ. ಇರುವುದು ಒಂದೇ ಬಂಡಿ, ಹೊರೆ ಸಾಗಿಸಲು ಹೊತ್ತು ಸಾಲದು. ಮಾದಸ್ವಾಮಿ ಬಂದು, ಮಾದೇವಮ್ಮನನ್ನು ಚೊಚ್ಚಲ ಹೆರಿಗೆಗೆ ಹನೂರಿನ ತವರಿಗೆ ಬಿಟ್ಟುಬರಲು ಬಂಡಿ ಬೇಕು ಎಂದ. ಇನ್ನೂ ದಿನವಿದೆ, ರಾಗಿ ಒಳಗೆ ಬರಲಿ ಎಂದೆ. ಮಳೆ ಮೋಡ ಕವಿದಿತ್ತು, ಹೊಲದಲ್ಲಿ ಬಿಟ್ಟರೆ ಎಲ್ಲರ ಅನ್ನ ಹೋಗುತ್ತದೆ. ಯಾರೇ ನನ್ನ ಜಾಗದಲ್ಲಿದ್ದರೂ ಅದನ್ನೇ ಹೇಳುತ್ತಿದ್ದರು.

ಡಿಸೆಂಬರ್ ೪

ಮಾದಸ್ವಾಮಿ ಮತ್ತೆ ಬಂದಿದ್ದ. ರಾಗಿ ತುಳಿಸಲು ಎತ್ತುಗಳಿಗೆ ಬಳ್ಳಿ ಕಟ್ಟುತ್ತಿದ್ದಾರೆ, ಕಣದ ಕೆಲಸ ಮುಗಿದಿಲ್ಲ. ಪದೇ ಪದೇ ಬಂದು ಕೇಳಬೇಡ, ಅಗತ್ಯ ಯಾವಾಗ ಎಂದು ನನಗೂ ತಿಳಿಯುತ್ತದೆ, ನಾನೇ ಹೇಳಿ ಕಳಿಸುತ್ತೇನೆ ಎಂದೆ. "ಆಗ್ಲಿ ಅಮ್ಮಾರೇ" ಎಂದು ಕೈ ಮುಗಿದು ಹೋದ. ಒಳ್ಳೆಯ ಹುಡುಗ, ಎದುರಾಡುವುದಿಲ್ಲ.

ಹುಳು ಮನೆಯಲ್ಲಿ ಈ ಸಲದ ಹುಳುಗಳು ಪೊರೆ ಕಳಚುವ ಮೂರನೆಯ ಜ್ವರದಿಂದ ಏಳಲೇ ಇಲ್ಲ. ಸೊಪ್ಪು ಹಾಕುವ ಸರದಿ ಯಾರದೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ.

ಡಿಸೆಂಬರ್ ೧೬

ಬೆಳಿಗ್ಗೆ ಎದ್ದಾಗ ಕೇರಿಯಲ್ಲಿ ಗಂಡಸರೇ ಇರಲಿಲ್ಲ. ಮಾದೇವಮ್ಮನಿಗೆ ನೋವು ಶುರುವಾಗಿ, ಮಗು ಅಡ್ಡ ಸಿಕ್ಕಿ, ಅವಳನ್ನು ಕಂಬಳಿ ಜೋಲಿಯಲ್ಲಿ ಹೊತ್ತುಕೊಂಡು ಹನೂರಿಗೆ ಹೊರಟುಹೋಗಿದ್ದರು. ಅಲ್ಲಿಂದ ಬಸ್ಸಿನಲ್ಲಿ ಕಾಮಗೆರೆ ಆಸ್ಪತ್ರೆಗೆ.

ಬಂಡಿ ನಮ್ಮ ಮನೆಯ ಮುಂದೆಯೇ ನಿಂತಿತ್ತು. ಎತ್ತುಗಳು ಮೇವು ತಿನ್ನುತ್ತಿದ್ದವು.

ಒಬ್ಬರೂ ನಮ್ಮ ಬಾಗಿಲು ತಟ್ಟಲಿಲ್ಲ. ತಟ್ಟಿದ್ದರೆ ಕೊಡುತ್ತಿರಲಿಲ್ಲವೇ? ನಾನೇನು ಕಲ್ಲೇ?

ಸಂಜೆ ಸುದ್ದಿ ಬಂತು. ತಾಯಿ ಉಳಿದಿದ್ದಾಳೆ. ಮಗು ಇಲ್ಲ. ದಾರಿಯಲ್ಲಿ ತಡವಾಯಿತು ಎಂದು ಡಾಕ್ಟರು ಹೇಳಿದರಂತೆ.

ಡಿಸೆಂಬರ್ ೧೮

ಇವರ ಜೊತೆ ಕಾಮಗೆರೆಗೆ ಹೋಗಿದ್ದೆ. ಮಾದೇವಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಮಾದಸ್ವಾಮಿ ಮಂಚದ ಪಕ್ಕ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದವನು ನನ್ನನ್ನು ಕಂಡು ಎದ್ದು ನಿಂತ.

"ಬಂಡಿ ಅಲ್ಲೇ ಇತ್ತಲ್ಲ ಮಾದಸ್ವಾಮಿ. ಒಂದು ಮಾತು ಕೇಳಬಾರದಿತ್ತೇ?"

"ಕೇಳ್ಬ್ಯಾಡ ಅಂದಿದ್ರಲ್ಲ ಅಮ್ಮಾರೇ" ಎಂದ.

ಅವನ ದನಿಯಲ್ಲಿ ಸಿಟ್ಟೇ ಇರಲಿಲ್ಲ. ನಾನು ಹೇಳಿದ್ದನ್ನು ನನಗೇ ನೆನಪಿಸಿದ, ಅಷ್ಟೇ.

ಡಿಸೆಂಬರ್ ೨೬

ಬರೆಯುವುದಕ್ಕೆ ಏನೂ ಇಲ್ಲ.

೧೯೫೯ ಜನವರಿ ೨

ಕಾಫಿ ಕುಡಿಯದೆ ವಾರವಾಯಿತು. ತಲೆ ನೋಯಲಿಲ್ಲ.

ಜನವರಿ ೨೫, ಭಾನುವಾರ

ಮರದ ಕೆಳಗೆ ಎಲ್ಲರೂ ಸೇರಿದ್ದರು. ಇವರು ನಿಂತುಕೊಂಡೇ ಮಾತಾಡಿದರು. ಹೊಲವನ್ನು ಮನೆಮನೆಗೆ ಹಂಚಿಬಿಡೋಣ, ಅವರವರ ಬೆಳೆ ಅವರವರೇ ಮಾರಲಿ, ಬೇಕಾದದ್ದು ಕೊಳ್ಳಲಿ ಎಂದರು. "ಬೆಲೆ ತೆಗೆದುಹಾಕಿದರೆ ಆ ಜಾಗ ಖಾಲಿ ಇರುತ್ತೆ ಅಂದುಕೊಂಡಿದ್ದೆ. ಖಾಲಿ ಇರಲ್ಲ. ಅಲ್ಲಿ ಒಬ್ಬ ಮನುಷ್ಯನನ್ನ ತಂದು ಕೂರಿಸಬೇಕಾಗುತ್ತೆ. ಅದನ್ನ ನಾನು ಎಣಿಸಿರಲಿಲ್ಲ." ನನ್ನ ಕಡೆ ನೋಡಲಿಲ್ಲ. ನೋಡದಿರಲು ಅವರು ಪಟ್ಟ ಕಷ್ಟ ನನಗೆ ಕಂಡಿತು.

ನಾನು ಎದ್ದು, ಒಂದೇ ವರ್ಷಕ್ಕೆ ಬಿಡುವುದಾದರೆ ಯಾಕೆ ಶುರುಮಾಡಬೇಕಿತ್ತು, ನಿಯಮ ಬಿಗಿಯಾಗಿದ್ದರೆ ನಡೆಯುತ್ತದೆ ಎಂದೆ. ಹೋದ ವರ್ಷ ಸಂಕ್ರಾಂತಿಯಲ್ಲಿ ಉಗ್ರಾಣದ ಕೆಲಸವೇ ಬೇಡವೆಂದವಳು ನಾನು. ಈಗ ಬಿಡಲು ಮನಸ್ಸಾಗಲಿಲ್ಲ. ಯಾಕೋ ತಿಳಿಯದು.

ಆಶ್ಚರ್ಯವೆಂದರೆ ಶಿವನಂಜಯ್ಯನೂ ಪೂರ್ತಿ ಒಪ್ಪಲಿಲ್ಲ. "ದುಡ್ಡು ಬಂದ್ರ ದುಡ್ಡಿದ್ದೋನು ಬದುಕ್ಕತಾನ ಬುದ್ಧಿ. ಇಲ್ದೋನು? ನಾಳ ಇನ್ನೊಬ್ಬಳಿಗ ನೋವು ಬತ್ತದ. ಬಂಡಿ ಬಾಡ್ಗ ಕೊಟ್ಟೋರಿಗ ಮಾತ್ರ ಅಂದ್ರ, ಆಗ್ಲೂ ಜೋಲಿನೇ ಗತಿ" ಎಂದ.

ಬಹಳ ಹೊತ್ತು ಮಾತಾಡಿ ಕೊನೆಗೆ ಹೀಗಾಯಿತು: ಹೊಲ, ಹುಳು, ಬೆಳೆ ಅವರವರದು. ಬಾವಿ, ಬಂಡಿ ಎತ್ತು, ಕಷ್ಟಕಾಲಕ್ಕೆಂದು ತೆಗೆದಿಟ್ಟ ಒಂದು ಕಣಜ ರಾಗಿ, ಇವಕ್ಕೆ ಬೆಲೆಯಿಲ್ಲ. ಕೇಳಿದವರಿಗೆ ಯಾಕೆ ಎನ್ನದೆ ಕೊಡಬೇಕು. ನೋಡಿಕೊಳ್ಳಲು ಯಾರು ಎಂದಾಗ ಹಿಂದಿನಿಂದ ಒಬ್ಬ ಹೆಂಗಸು "ಮಾದಸ್ವಾಮಿ" ಎಂದಳು. ಎಲ್ಲರೂ ಹೂಂ ಅಂದರು. ನನ್ನ ಹೆಸರನ್ನು ಯಾರೂ ತೆಗೆಯಲಿಲ್ಲ.

ಹೊರೆ ಇಳಿಯಿತೆಂದು ಸಮಾಧಾನವಾಗಬೇಕಿತ್ತು.

ಮಾರ್ಚ್ ೧೨, ಕೊಳ್ಳೇಗಾಲ

ಮಾವನವರಿಗೆ ಲಕವ ಹೊಡೆದಿದೆಯೆಂದು ಬೆಳಿಗ್ಗೆ ಅಜ್ಜೀಪುರದಿಂದ ಒಬ್ಬ ಹೇಳಿ ಹೋದ. ಇವರು ಮೈಸೂರಿಗೆ ಹೋಗಿದ್ದರು. ಬಸ್ಸು ಹನೂರಿನಲ್ಲೇ ಕೆಟ್ಟು ನಿಂತಿದೆಯಂತೆ.

ಬಂಡಿ ಕೇಳಲು ಮಾದಸ್ವಾಮಿಯ ಮನೆಗೆ ಹೋಗಬೇಕಾಯಿತು. ನಮ್ಮ ಮನೆಗೂ ಅವರ ಮನೆಗೂ ಒಂದು ಕೂಗಿನ ದೂರ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡೆ. ಮುದುಕರು, ಒಬ್ಬರೇ ಇದ್ದಾರೆ, ಮಾತು ನಿಂತಿದೆಯಂತೆ, ಬೇರೆ ದಾರಿಯಿಲ್ಲ, ನಾಳೆಯೇ ಕಳಿಸಿಬಿಡುತ್ತೇನೆ. ಇಷ್ಟು ಸಾಕೇ, ಇನ್ನೂ ಸ್ವಲ್ಪ ಹೇಳಬೇಕೇ ಎಂದು ಎರಡು ಸಲ ನಿಂತೆ. ಅಂಗಳದ ಬೇಲಿ ಹತ್ತಿರ ಹೋದಮೇಲೆ ಹೊರಗೇ ನಿಂತುಬಿಟ್ಟೆ. ಮಾದೇವಮ್ಮ ಒಳಗೆ ಬೀಸುತ್ತಿದ್ದಳು. ಕೂಗಿ ಕರೆಯಲಿಲ್ಲ. ಅಲ್ಲೇ ಎಷ್ಟು ಹೊತ್ತು ನಿಂತಿದ್ದೆನೋ.

ಹುಲ್ಲು ಹೊತ್ತು ಬಂದ ಮಾದಸ್ವಾಮಿಯೇ ನನ್ನನ್ನು ಕಂಡ.

"ಬಂಡಿ..." ಎಂದೆ.

ಅವನು ಹೊರೆ ಇಳಿಸಿ ಎತ್ತು ತರಲು ಹೋದ. ಮಾದೇವಮ್ಮ ಹೊರಗೆ ಬಂದು ಬಂಡಿಗೆ ಹುಲ್ಲು ಹರಡಿ ಮೇಲೆ ಕಂಬಳಿ ಹಾಸಿದಳು. ನನ್ನನ್ನು ನೋಡಿದಳು, ನಗಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ.

"ಯಾಕೆ ಅಂತ ಹೇಳುತ್ತೇನೆ ಮಾದಸ್ವಾಮಿ, ನಮ್ಮ ಮಾವನವರಿಗೆ..."

"ಬಂಡಿ ಅತ್ತಿ ಕುಂತ್ಕಳಿ. ಬಿಸ್ಲಾಯ್ತದ" ಎಂದ.

ಹನೂರು ದಾಟಿದೆವು. ಕಾಮಗೆರೆ ಆಸ್ಪತ್ರೆಯ ಮುಂದೆ ಬಂದಾಗ ಅವನು ಎತ್ತುಗಳನ್ನು ಜೋರು ಮಾಡಿದ. ನನಗೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು. "ಮಾದಸ್ವಾಮಿ" ಎಂದು ಕರೆದೆ. ಹೂಂ ಎಂದ. ಮುಂದಿನ ಮಾತು ನನಗೆ ಸಿಗಲೇ ಇಲ್ಲ. ಅವನೂ ಮತ್ತೆ ಕೇಳಲಿಲ್ಲ.

ಕೊಳ್ಳೇಗಾಲ ತಲುಪಿದಾಗ ದೀಪ ಹಚ್ಚುವ ಹೊತ್ತು. ಮಾವನವರಿಗೆ ಪ್ರಜ್ಞೆ ಇತ್ತು, ಎಡಗೈಯಿಂದ ನನ್ನ ಕೈ ಹಿಡಿದುಕೊಂಡರು. ಹೊರಗೆ ಬಂದು ನೋಡಿದರೆ ಮಾದಸ್ವಾಮಿ ಎತ್ತುಗಳಿಗೆ ನೀರು ತೋರಿಸಿ ಆಗಲೇ ನೊಗಕ್ಕೆ ಹೂಡುತ್ತಿದ್ದ. ಉಂಡು ಮಲಗಿ ಬೆಳಿಗ್ಗೆ ಹೋಗು ಎಂದು ಎಷ್ಟು ಹೇಳಿದರೂ ಕೇಳಲಿಲ್ಲ.

"ಎತ್ಗಳ್ನ ಹನೂರ್ನಲ್ಲಿ ಒಸಿ ವತ್ತು ಬುಟ್ಕತೀನಿ. ಬೆಳಗಾಗೋದ್ರೊಳ್ಗ ಊರ್ನಲ್ಲಿರ್ಬೇಕು ಕನಿ" ಎಂದ. "ಯಾರ್ಗಾರು ಬಂಡಿ ಬೇಕಾಗ್ಬೋದು."